ಸ್ವಿಚ್ಚು ಸುಟ್ಟರೂ ಲೈಟು ಆರುವುದಿಲ್ಲ ಯಾಕೆ? ವೋಲ್ಟೇಜ್ ಮಿತಿ ದಾಟಿದಾಗ ಏನಾಗುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯಲ್ಲಿ ನನ್ನದೊಂದು ಚಿಕ್ಕ ರಿಪೇರಿ ಅಂಗಡಿ. ಏಪ್ರಿಲ್‌ನಲ್ಲಿ ಗುಡುಗು ಶುರುವಾದರೆ ಮುಗಿಯಿತು, ಮಳೆ ಸರಿಯಾಗಿ ಹಿಡಿಯುವವರೆಗೂ ಮೇಜಿನ ಮೇಲೆ ಕೈಯಿಡಲು ಜಾಗ ಇರುವುದಿಲ್ಲ. ಫ್ಯಾನ್ ರೆಗ್ಯುಲೇಟರ್, ಪಂಪಿನ ಕಂಟ್ರೋಲ್ ಬೋರ್ಡ್, ಮೊಬೈಲ್‌ನಿಂದ ಆನ್ ಮಾಡುವ ಸ್ಮಾರ್ಟ್ ಸ್ವಿಚ್, ಕರಾವಳಿ ಕಡೆಯಿಂದ ಬರುವ ದೋಣಿಯ ಲೈಟ್ ಬಾಕ್ಸ್, ಎಲ್ಲ ಸಾಲಾಗಿ ಕೂತಿರುತ್ತವೆ. ತಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಹೇಳಿ ಹೇಳಿ ಬಾಯಿ ನೋಯುತ್ತದೆ ಎಂದು ಒಮ್ಮೆ ಬರೆದಿಡುತ್ತಿದ್ದೇನೆ.

ಎಲೆಕ್ಟ್ರಾನಿಕ್ ಸ್ವಿಚ್ ಅಂದರೆ ಯಾವುದು?

ಗೋಡೆಯ ಸ್ವಿಚ್ಚಿನೊಳಗೆ ಎರಡು ಲೋಹದ ತುಂಡು ಮುಟ್ಟುತ್ತವೆ, ಬಿಡುತ್ತವೆ. ಎಲೆಕ್ಟ್ರಾನಿಕ್ ಸ್ವಿಚ್ಚಿನಲ್ಲಿ ಅಲುಗಾಡುವ ಭಾಗವೇ ಇಲ್ಲ. ಟ್ರಾನ್ಸಿಸ್ಟರ್, ಮಾಸ್ಫೆಟ್, ಟ್ರಯಾಕ್, ಸಾಲಿಡ್ ಸ್ಟೇಟ್ ರಿಲೇ, ಎಲ್ಲ ಈ ಜಾತಿಯವು. ಫ್ಯಾನ್ ರೆಗ್ಯುಲೇಟರಿನಲ್ಲಿ ಸಾಮಾನ್ಯವಾಗಿ ಟ್ರಯಾಕ್, ಬ್ಯಾಟರಿ ಮತ್ತು ಸೋಲಾರ್ ಸಾಮಾನಿನಲ್ಲಿ ಮಾಸ್ಫೆಟ್. ಕಾಯಿಲಿನ ಅಯಸ್ಕಾಂತದಿಂದ ಲೋಹದ ತುಂಡು ಎಳೆದು ಟಕ್ ಅನ್ನುವ ಸಾದಾ ರಿಲೇ ಈ ಜಾತಿಗೆ ಸೇರಿದ್ದಲ್ಲ. ಆದರೆ ಅದನ್ನು ಕುಣಿಸುವುದು ಒಂದು ಟ್ರಾನ್ಸಿಸ್ಟರ್. ಹಾಗಾಗಿ ಅದರ ಕತೆಯೂ ಇಲ್ಲೇ ಬರುತ್ತದೆ.

ಮನೆಗೆ ಬರುವುದು 230 ವೋಲ್ಟ್. 400 ವೋಲ್ಟಿನ ಪಾರ್ಟ್ ಹಾಕಿದರೆ ಸಾಲದಾ? 600 ಯಾಕೆ?

230 ಅನ್ನುವುದು ಒಂದು ಲೆಕ್ಕದ ಸರಾಸರಿ. ಎಸಿ ಕರೆಂಟು ಏರಿ ಇಳಿಯುತ್ತದೆ ಅಲ್ವಾ? ಅದರ ತುದಿ 230ರ 1.414 ಪಟ್ಟು, ಅಂದರೆ 325 ವೋಲ್ಟ್. ಲೈನು 253ಕ್ಕೆ ಏರಿದರೆ ತುದಿ 358 ಆಗುತ್ತದೆ. ಬಿಟಿ136 ಎಂಬ ಟ್ರಯಾಕಿನ 600 ವೋಲ್ಟ್ ಮಾದರಿ ರೆಗ್ಯುಲೇಟರುಗಳಲ್ಲಿ ಬಹಳ ಕಾಣುತ್ತದೆ. ಅದಕ್ಕೆ ಇದು ಲೆಕ್ಕಕ್ಕಿಲ್ಲ.

ಎಡವುವುದು ಇನ್ನೊಂದು ಕಡೆ. ಟ್ರಯಾಕಿಗೆ ಹುಕುಂ ಕೊಡುವ ಆರು ಕಾಲಿನ ಆಪ್ಟೋ ಚಿಪ್ ಒಂದಿರುತ್ತದೆ. ಎಂಒಸಿ3021 ಹಾಕಿದ್ದರೆ ಅದರ ಮಿತಿ ಬರೀ 400 ವೋಲ್ಟ್. ಮಾಮೂಲಿ ದಿನವೇ ತುದಿ 325. ಉಳಿದ ಅವಕಾಶ 75 ವೋಲ್ಟ್. ಗುಡುಗಿನ ಕಾಲದಲ್ಲಿ ನಮ್ಮ ಲೈನುಗಳಿಗೆ 75 ವೋಲ್ಟ್ ಏನೇನೂ ಅಲ್ಲ. ಎಂಒಸಿ3063 ಆದರೆ 600, ಎಂಒಸಿ3081 ಆದರೆ 800. ಆದರೆ ಇವೆರಡೂ ಲೈನು ಸೊನ್ನೆ ದಾಟುವಾಗ ಮಾತ್ರ ಆನ್ ಆಗುವ ಬಗೆಯವು. ಆನ್-ಆಫ್ ಕೆಲಸಕ್ಕೆ ಚಲೋ, ಡಿಮ್ಮರಿಗೆ ಆಗುವುದಿಲ್ಲ. ಇದು ಗೊತ್ತಿಲ್ಲದೆ ಬದಲಿಸಿ "ಸ್ಪೀಡೇ ಕಮ್ಮಿ ಆಗ್ತಿಲ್ಲ" ಎಂದು ವಾಪಸ್ ತಂದವರಿದ್ದಾರೆ. ನಾನೂ ಕಲಿಯುವ ಕಾಲದಲ್ಲಿ ಮಾಡಿದ ತಪ್ಪೇ ಅದು.

ಮಿತಿ ದಾಟಿದಾಗ ಒಳಗೆ ನಿಜಕ್ಕೂ ಏನಾಗುತ್ತದೆ?

ಎರಡು ಬಗೆಯ ಸಾವು ಇದೆ. ಎರಡನ್ನೂ ಬೇರೆ ಬೇರೆಯಾಗಿ ತಿಳಿದುಕೊಳ್ಳಬೇಕು.

ಮೊದಲನೆಯದು ಬಿಸಿಯ ಸಾವು. ಆಫ್ ಆಗಿರುವ ಮಾಸ್ಫೆಟ್ ಅಥವಾ ಟ್ರಯಾಕ್ ಒಳಗೆ ಒಂದು ತೆಳು ಪದರ ಕರೆಂಟನ್ನು ತಡೆದು ನಿಂತಿರುತ್ತದೆ. ಮಳೆಗಾಲದಲ್ಲಿ ಗದ್ದೆಯ ಬದು ನೀರು ತಡೆದು ನಿಂತ ಹಾಗೆ. ನೀರು ಬದುವಿನ ಮೇಲೆ ಹರಿದ ಮಾತ್ರಕ್ಕೆ ಬದು ಒಡೆಯುವುದಿಲ್ಲ. ಇಡೀ ಉದ್ದಕ್ಕೂ ತೆಳುವಾಗಿ ಹರಿದರೆ ತಾಳಿಕೊಳ್ಳುತ್ತದೆ. ಯಾವುದೋ ಒಂದು ಕಡೆ ಮಣ್ಣು ಸಡಿಲವಾಗಿದ್ದರೆ ನೀರೆಲ್ಲ ಅಲ್ಲಿಗೇ ನುಗ್ಗಿ ಅಷ್ಟು ಜಾಗ ಕೊಚ್ಚಿಹೋಗುತ್ತದೆ. ಸಿಲಿಕಾನಿನಲ್ಲೂ ಹಾಗೆಯೇ. ಮಿತಿ ದಾಟಿದಾಗ ಪದರದ ಮೂಲಕ ಕರೆಂಟು ನುಗ್ಗುತ್ತದೆ. ಝೀನರ್ ಡಯೋಡ್ ದಿನವಿಡೀ ಮಾಡುವುದು ಇದನ್ನೇ, ಅದಕ್ಕೇನೂ ಆಗುವುದಿಲ್ಲ. ಯಾಕೆಂದರೆ ಅಲ್ಲಿ ಕರೆಂಟಿಗೆ ರೆಸಿಸ್ಟರಿನ ಲಗಾಮು ಇರುತ್ತದೆ. ಲಗಾಮಿಲ್ಲದಿದ್ದರೆ ಕರೆಂಟು ಒಂದೇ ಚುಕ್ಕೆಗೆ ಸೇರುತ್ತದೆ. ಚುಕ್ಕೆ ಬಿಸಿಯಾದಷ್ಟೂ ಅಲ್ಲೇ ಇನ್ನೂ ಜಾಸ್ತಿ ಹರಿಯುತ್ತದೆ. ಕಡೆಗೆ ಕರಗಿ ಒಂದಾಗುತ್ತದೆ. ಇಲ್ಲಿ ಕೊಲ್ಲುವುದು ಬಿಸಿ, ವೋಲ್ಟೇಜ್ ಬಾಗಿಲು ತೆಗೆದುಕೊಡುತ್ತದೆ ಅಷ್ಟೇ. ಅದಕ್ಕೇ ಒಳ್ಳೆಯ ಮಾಸ್ಫೆಟ್‌ಗಳ ಡೇಟಾಶೀಟಿನಲ್ಲಿ ಇಂತಹ ಪೆಟ್ಟನ್ನು ಎಷ್ಟು ಮಿಲಿಜೂಲ್‌ವರೆಗೆ ತಾಳುತ್ತದೆ ಎಂದೂ ಬರೆದಿರುತ್ತಾರೆ.

ಎರಡನೆಯದು ತೂತು ಬೀಳುವ ಸಾವು. ಇದು ಮಾಸ್ಫೆಟ್‌ನ ಗೇಟ್, ಅಂದರೆ ಆನ್-ಆಫ್ ಹುಕುಂ ತೆಗೆದುಕೊಳ್ಳುವ ಕಾಲಿನದು. ಗೇಟಿನ ಕೆಳಗೆ ಗಾಜಿನಂಥ ಒಂದು ಆಕ್ಸೈಡ್ ಪದರ, ದಪ್ಪ ಕೆಲವೇ ಹತ್ತು ನ್ಯಾನೋಮೀಟರ್. ಒಂದು ನ್ಯಾನೋಮೀಟರಿಗೆ ಸುಮಾರು 1 ವೋಲ್ಟ್ ತಾಳಿಕೆ. ಐಆರ್‌ಎಫ್‌ಝಡ್44ಎನ್ ಎಂಬ ಮಾಸ್ಫೆಟ್‌ಗೆ ಡ್ರೇನ್, ಅಂದರೆ ಕರೆಂಟು ಹರಿಯುವ ಕಾಲಿನ ಕಡೆ 55 ವೋಲ್ಟ್ ಮಿತಿ ಇದ್ದರೆ ಗೇಟಿಗೆ ಬರೀ 20. ಇಲ್ಲಿ ಕರೆಂಟು, ಬಿಸಿ, ಮಿಲಿಜೂಲ್ ಯಾವ ಮಾತೂ ಇಲ್ಲ. ಮಡಕೆಗೆ ಮೊಳೆ ಹೊಡೆದ ಹಾಗೆ. ತೂತು ಬಿತ್ತು ಅಂದರೆ ಬಿತ್ತು.

24 ವೋಲ್ಟ್ ಬ್ಯಾಟರಿಯಿಂದ ಗೇಟಿಗೆ ನೇರ ತಂತಿ ಎಳೆದ ಬೋರ್ಡುಗಳು ತಿಂಗಳಿಗೆ ಒಂದಾದರೂ ಬರುತ್ತವೆ. "12 ವೋಲ್ಟಿನಲ್ಲಿ ಎರಡು ವರ್ಷ ನಡೆದಿತ್ತು" ಅನ್ನುತ್ತಾರೆ. ಹೌದು, 12 ಅನ್ನುವುದು 20ಕ್ಕಿಂತ ಕಡಿಮೆ.

ಸ್ವಿಚ್ ಸುಟ್ಟಿದೆ ಅನ್ನುತ್ತೀರಿ. ಮತ್ತೆ ಫ್ಯಾನು ಫುಲ್ ಸ್ಪೀಡಿನಲ್ಲಿ ತಿರುಗುತ್ತಲೇ ಇದೆಯಲ್ಲ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಬಲ್ಬು ಸುಟ್ಟರೆ ತಂತಿ ತುಂಡಾಗುತ್ತದೆ, ಬೆಳಕು ಹೋಗುತ್ತದೆ. ಫ್ಯೂಸೂ ಹಾಗೆಯೇ. ಹಾಗಾಗಿ ಸುಡುವುದು ಅಂದರೆ ಬಂದ್ ಆಗುವುದು ಎಂದೇ ನಮ್ಮ ತಲೆಯಲ್ಲಿ ಕೂತಿದೆ. ಎಲೆಕ್ಟ್ರಾನಿಕ್ ಸ್ವಿಚ್ಚು ಇದಕ್ಕೆ ಉಲ್ಟಾ. ಒಳಗಿನ ತಡೆಪದರವೇ ಕರಗಿ ಒಂದಾಯಿತಲ್ಲ? ತಡೆಯುವುದಕ್ಕೆ ಈಗ ಯಾರೂ ಇಲ್ಲ. ಟ್ರಯಾಕ್ ಆಗಲಿ ಮಾಸ್ಫೆಟ್ ಆಗಲಿ ವೋಲ್ಟೇಜ್ ಪೆಟ್ಟಿಗೆ ಸತ್ತಾಗ ಬಹುತೇಕ ಶಾರ್ಟ್ ಆಗಿಯೇ ಸಾಯುತ್ತದೆ. ಅಂದರೆ ಆನ್ ಆಗೇ ಉಳಿಯುತ್ತದೆ. ಆಮೇಲೆ ಕರೆಂಟು ತೀರಾ ಜಾಸ್ತಿಯಾಗಿ ಒಳಗಿನ ಸಣ್ಣ ತಂತಿ ಹಾರಿದರೆ ಮಾತ್ರ ಬಂದ್ ಆಗುತ್ತದೆ.

ಹಾಗಾಗಿ ರಿಮೋಟಿನಲ್ಲಿ ಆಫ್ ಮಾಡಿದೆ, ಮೊಬೈಲಿನಲ್ಲಿ ಆಫ್ ತೋರಿಸುತ್ತಿದೆ ಎಂದು ಬಲ್ಬ್ ಹೋಲ್ಡರಿಗೆ ಕೈ ಹಾಕಬೇಡಿ. ಬಾವಿಯ ಪಂಪು ಮುಟ್ಟುವ ಮುಂಚೆಯಂತೂ ಮೇನ್ ಸ್ವಿಚ್ ಇಳಿಸಲೇಬೇಕು. ಸರಿಯಾಗಿರುವ ಎಲೆಕ್ಟ್ರಾನಿಕ್ ಸ್ವಿಚ್ಚು ಕೂಡ ಪೂರ್ತಿ ಬಂದ್ ಆಗುವುದಿಲ್ಲ. ಟ್ರಯಾಕಿನ ಅಡ್ಡಕ್ಕೆ ಹಾಕುವ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದರ ಮೂಲಕವೇ 230 ವೋಲ್ಟಿನಲ್ಲಿ ಸುಮಾರು 7 ಮಿಲಿಆಂಪ್ ಸೋರುತ್ತದೆ. ಆಫ್ ಮಾಡಿದ ಎಲ್‌ಇಡಿ ಬಲ್ಬು ರಾತ್ರಿ ಮಿಣುಕುವುದು ಇದರಿಂದಲೇ. ದೆವ್ವ ಅಲ್ಲ.

ನ್ಯೂಟ್ರಲ್ ಹೋದ ದಿನ ಓಣಿಯ ಅರ್ಧ ಮನೆಯ ಸಾಮಾನು ಸುಟ್ಟಿತು, ಉಳಿದ ಅರ್ಧಕ್ಕೆ ಏನೂ ಆಗಲಿಲ್ಲ. ಯಾಕೆ?

ಗಾಳಿಮಳೆಗೆ ತೆಂಗಿನ ಮಡ್ಲೋ ಮರದ ಕೊಂಬೆಯೋ ಲೈನಿನ ಮೇಲೆ ಬೀಳುತ್ತದೆ. ನ್ಯೂಟ್ರಲ್ ತಂತಿ ಮಾತ್ರ ತುಂಡಾಗುತ್ತದೆ. ಫೇಸುಗಳು ಹಾಗೇ ಇವೆ. ಈಗ ಒಂದು ಫೇಸಿನ ಮನೆ ಮತ್ತು ಇನ್ನೊಂದು ಫೇಸಿನ ಮನೆ 400 ವೋಲ್ಟಿನ ಅಡ್ಡಕ್ಕೆ ಸರಪಳಿಯ ಹಾಗೆ ಸೇರಿಕೊಳ್ಳುತ್ತವೆ.

ಸುಲಭಕ್ಕೆ ಎರಡೇ ಮನೆ ಇಟ್ಟುಕೊಳ್ಳೋಣ. ಒಂದರಲ್ಲಿ 1000 ವಾಟಿನ ನೀರು ಕಾಯಿಸುವ ಹೀಟರ್. ಇನ್ನೊಂದರಲ್ಲಿ ಹಳೇ ಕಾಲದ 100 ವಾಟ್ ಬಲ್ಬ್ ಒಂದೇ. ಹೀಟರಿನ ಮನೆಗೆ ಬರುವುದು ಸುಮಾರು 36 ವೋಲ್ಟ್. ಬಲ್ಬಿನ ಮನೆಗೆ 364. ಪಾಪ, ಕರೆಂಟು ಉಳಿಸಿದವರಿಗೇ ಪೆಟ್ಟು.

ಈಗ ಆ 364ರ ತುದಿ ಲೆಕ್ಕ ಹಾಕಿ, 515 ವೋಲ್ಟ್. 600ರ ಟ್ರಯಾಕ್ ಬದುಕುತ್ತದೆ. 400ರ ಆಪ್ಟೋ ಚಿಪ್ ಸಾಯುತ್ತದೆ. ವೋಲ್ಟೇಜ್ ಪೆಟ್ಟು ಹೀರಲು ಮುಂದೆ ಕಾವಲಿಗೆ ಇಟ್ಟ ಎಂಒವಿ ಎಂಬ ಪಾರ್ಟು ಬೆಂಕಿಯ ಉಂಡೆ ಆಗುತ್ತದೆ. ಕೂಡಲೇ ಮೇನ್ ಇಳಿಸಿ ಲೈನ್‌ಮನ್‌ಗೆ ಫೋನ್ ಮಾಡಿ. ಬಿದ್ದ ತಂತಿಯ ಹತ್ತಿರ ಹೋಗಬೇಡಿ.

ಮನೆಯ ಅರ್ಥಿಂಗ್ ಚಲೋ ಇದೆ ಎಂದು ಸುಮ್ನೆ ಕೂರುವವರಿಗೆ ಒಂದು ಮಾತು. ಅರ್ಥಿಂಗ್ ಶಾಕ್ ತಪ್ಪಿಸಲಿಕ್ಕೆ ಇದೆ, ಅದು ನ್ಯೂಟ್ರಲ್ಲಿನ ಕೆಲಸ ಮಾಡುವುದಿಲ್ಲ. ಆರ್‌ಸಿಸಿಬಿಯ ಕೆಲಸ ಸೋರಿಕೆ ಹಿಡಿಯುವುದು, ಜಾಸ್ತಿ ವೋಲ್ಟೇಜ್ ಹಿಡಿಯುವುದಲ್ಲ. ಬೇಕಾದದ್ದು ವೋಲ್ಟೇಜ್ ಏರಿದರೂ ಇಳಿದರೂ ಲೈನು ಕಡಿಯುವ ಪ್ರೊಟೆಕ್ಟರ್. ಅದನ್ನು ಮೀಟರಿನ ನಂತರ, ಇಡೀ ಮನೆಗೆ ಒಂದು ಎಂದು ಹಾಕಿಸಬಹುದು. ನನ್ನ ಕೇಳಿದರೆ ನಮ್ಮ ಊರುಗಳಿಗೆ ಸ್ಟೆಬಿಲೈಜರಿಗಿಂತ ಮೊದಲು ಬೇಕಾದ ಸಾಮಾನು ಅದು.

ಈ ಎಂಒವಿ ಅಂದರೆ ಏನು? ಒಡೆದು ಹೋಗಿದೆ, ಕಿತ್ತು ಹಾಕಿದರೂ ಮಷಿನ್ ನಡೆಯುತ್ತದಂತೆ?

ನಡೆಯುತ್ತದೆ. ಹೆಲ್ಮೆಟ್ ಇಲ್ಲದೆ ಬೈಕೂ ನಡೆಯುತ್ತದೆ.

ನೀಲಿ ಬಣ್ಣದ ಚಪ್ಪಟೆ ಬಿಲ್ಲೆ ಅದು. ಮೇಲೆ 471 ಎಂದಿದ್ದರೆ 470 ವೋಲ್ಟಿಗೆ ಕರೆಂಟು ಹಾಯಿಸಲು ಶುರು ಮಾಡುತ್ತದೆ ಎಂದು ಅರ್ಥ. 471 ವೋಲ್ಟ್ ಅಲ್ಲ, ಕೊನೆಯ 1 ಅನ್ನುವುದು ಎಷ್ಟು ಸೊನ್ನೆ ಎಂಬ ಲೆಕ್ಕ. ಎಸಿಯಲ್ಲಿ ಸದಾ ತಾಳುವುದು 300 ವೋಲ್ಟ್. ಕ್ಷಣಮಾತ್ರದ ಪೆಟ್ಟಿಗೆ ಇದು ಗಟ್ಟಿಗ. ನ್ಯೂಟ್ರಲ್ ಹೋದಾಗಿನಂತೆ ನಿಮಿಷಗಟ್ಟಲೆ ಬರುವ ವೋಲ್ಟೇಜಿಗೆ ಕಾದು ಕಾದು ಸುಡುತ್ತದೆ. ಅದಕ್ಕೇ ಅದರ ಮುಂದೆ ಫ್ಯೂಸ್ ಇರಲೇಬೇಕು. ಪ್ರತಿ ದೊಡ್ಡ ಪೆಟ್ಟಿಗೂ ಅದು ಸ್ವಲ್ಪ ಸವೆಯುತ್ತದೆ ಕೂಡ.

ಗುಡುಗು ಬಂದಾಗ ಸ್ವಿಚ್ ಆಫ್ ಮಾಡಿದ್ದೆ. ಆದರೂ ಬೋರ್ಡ್ ಹೋಗಿದೆ.

ಪ್ಲಗ್ ಕೀಳಬೇಕಿತ್ತು. ಗಾಳಿ ಒಂದು ಮಿಲಿಮೀಟರಿಗೆ ಸುಮಾರು 3000 ವೋಲ್ಟ್ ತಡೆಯುತ್ತದೆ. ಗೋಡೆಯ ಸ್ವಿಚ್ಚಿನಲ್ಲಿ ಇರುವುದೇ ಕೆಲವು ಮಿಲಿಮೀಟರ್ ಸಂದು. ಸಿಡಿಲಿನ ಪೆಟ್ಟು ಅದನ್ನು ಹಾರಿ ಬರಬಹುದು. ಇನ್ನು ಟ್ರಯಾಕಿನೊಳಗಿನ "ಸಂದು" ಹೆಚ್ಚೆಂದರೆ ಕೂದಲೆಳೆಯ ದಪ್ಪ. ಅದೇನು ತಡೆದೀತು? ಮುಖ್ಯ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಇದ್ದರೆ, ಅರ್ಥಿಂಗ್ ಚೊಕ್ಕ ಇದ್ದರೆ, ದೂರದಲ್ಲಿ ಬಿದ್ದ ಸಿಡಿಲಿನ ಪೆಟ್ಟು ಬಹಳ ಕಡಿಮೆಯಾಗುತ್ತದೆ. ಹತ್ತಿರದ ಕಂಬಕ್ಕೇ ಬಿದ್ದರೆ ಯಾವುದೂ ಖಾತ್ರಿ ಇಲ್ಲ. ಅಂಗಳದಲ್ಲಿ ಹರಡಿದ ಅಡಿಕೆ ಒಳಗೆ ತರುವಾಗಲೇ ಪ್ಲಗ್ಗೂ ಕೀಳುವ ರೂಢಿ ಮಾಡಿಕೊಳ್ಳಿ. ಮೋಡ ತಲೆಯ ಮೇಲೆ ಬಂದ ಮೇಲೆ ಮಾತ್ರ ಕೀಳಲು ಹೋಗಬೇಡಿ.

ಪೆಟ್ಟು ಬಿದ್ದಾಗ ಚಲೋ ಇತ್ತು. ಮೂರು ತಿಂಗಳ ಮೇಲೆ ಸತ್ತಿತು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇರಬಹುದು. ಗೇಟಿನ ಪದರಕ್ಕೆ ಪೂರ್ತಿ ತೂತಾಗದೆ ಗಾಯವಷ್ಟೇ ಆಗುವುದುಂಟು. ಆಮೇಲೆ ಸೋರಿಕೆ ಮೆಲ್ಲಗೆ ಜಾಸ್ತಿಯಾಗುತ್ತದೆ, ಪಾರ್ಟು ಬಿಸಿಯಾಗುತ್ತದೆ, ಬಿಸಿಯಾದಷ್ಟು ಸೋರಿಕೆ ಏರುತ್ತದೆ. ಬಿ.ಸಿ.547 ಎಂಬ ಟ್ರಾನ್ಸಿಸ್ಟರ್ ಎಲ್ಲರೂ ನೋಡಿದ್ದೀರಿ. ಅದರ ಬೇಸ್-ಎಮಿಟರ್ ನಡುವೆ ಉಲ್ಟಾ ವೋಲ್ಟೇಜ್ 6 ದಾಟಬಾರದು. ದಾಟಿದರೆ ತಕ್ಷಣ ಸಾಯುವುದಿಲ್ಲ. ಅದರ ಗೇನ್, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹರಿಸುವ ತಾಕತ್ತು, ಕುಸಿಯುತ್ತಾ ಹೋಗುತ್ತದೆ. ಒಂದು ದಿನ ರಿಲೇ ಎತ್ತುವ ಶಕ್ತಿ ಇರುವುದಿಲ್ಲ. ಮೀಟರಿನಲ್ಲಿ ನೋಡಿದರೆ ಟ್ರಾನ್ಸಿಸ್ಟರ್ "ಸರಿ" ಅನ್ನುತ್ತದೆ! ಇಂಥದ್ದನ್ನು ಹುಡುಕಲು ಇಡೀ ಮಧ್ಯಾಹ್ನ ಹೋಗುತ್ತದೆ.

ರಿಲೇ ಮೇಲೆ 250 ವೋಲ್ಟ್ ಎಸಿ, 30 ವೋಲ್ಟ್ ಡಿಸಿ ಎಂದು ಬರೆದಿದೆ. 250 ತಾಳುವುದು 48 ತಾಳುವುದಿಲ್ಲವಾ?

ಬಹಳ ಚಲೋ ಪ್ರಶ್ನೆ. ಸೋಲಾರ್ ಪಂಪು ಬಂದ ಮೇಲೆ ಇದು ಜಾಸ್ತಿಯಾಗಿದೆ.

ರಿಲೇಯ ಕಾಂಟ್ಯಾಕ್ಟ್ ಬಿಡುವಾಗ ಕಿಡಿ ಹಾರುತ್ತದೆ. ಎಸಿಯಲ್ಲಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ. ಆ ಕ್ಷಣದಲ್ಲಿ ಕಿಡಿ ತಾನೇ ಆರುತ್ತದೆ. ಡಿಸಿಯಲ್ಲಿ ಸೊನ್ನೆ ಎಂಬುದೇ ಇಲ್ಲ. ಕಿಡಿ ಹೊತ್ತಿಕೊಂಡರೆ ಉರಿಯುತ್ತಲೇ ಇರುತ್ತದೆ, ಕಾಂಟ್ಯಾಕ್ಟ್ ಕರಗುತ್ತದೆ, ಒಮ್ಮೊಮ್ಮೆ ಅಂಟಿಕೊಂಡೇ ಬಿಡುತ್ತದೆ. ಮತ್ತೆ ಅದೇ ಕತೆ, ಆಫ್ ಮಾಡಿದರೂ ಆನ್. ಅದೇ ಸಣ್ಣ ನೀಲಿ ರಿಲೇಯನ್ನು ಎರಡು ಮೂರು ಪ್ಯಾನೆಲ್ ಸಾಲಾಗಿ ಸೇರಿಸಿದ ಡಿಸಿ ಲೈನಿಗೆ ಹಾಕಿ ಪೆಟ್ಟಿಗೆ ಕರಕಲಾಗಿ ತಂದಿದ್ದರು ಒಬ್ಬರು. 12 ವೋಲ್ಟ್ ಪ್ಯಾನೆಲ್ ಅನ್ನುತ್ತೇವೆ, ಬ್ಯಾಟರಿ ಇಲ್ಲದೆ ಬಿಟ್ಟರೆ ಅದು 21-22 ವೋಲ್ಟ್ ಕೊಡುತ್ತದೆ. ಮೂರು ಸೇರಿದರೆ 60 ದಾಟುತ್ತದೆ. ಚಳಿಗಾಲದ ಬೆಳಗಿಗೆ ಇನ್ನೂ ಸ್ವಲ್ಪ ಜಾಸ್ತಿ. ಡಿಸಿಗೆಂದೇ ಮಾಡಿದ ಬ್ರೇಕರ್ ಮತ್ತು ಕಂಟ್ಯಾಕ್ಟರ್ (ದೊಡ್ಡ ರಿಲೇ) ಸಿಗುತ್ತವೆ, ಅದನ್ನೇ ಕೇಳಿ ತನ್ನಿ.

ರಿಲೇ ಬೋರ್ಡಿನಲ್ಲಿ ಆ ಚಿಕ್ಕ ಕರಿ ಡಯೋಡ್ ಯಾಕೆ? ಬಿಟ್ಟರೆ ಏನಾಗುತ್ತದೆ?

5 ವೋಲ್ಟಿನ ಕಾಯಿಲ್ ಬಂದ್ ಮಾಡುವ ಕ್ಷಣ ಅದೇ ಕಾಯಿಲ್ ನೂರಾರು ವೋಲ್ಟ್ ಎಗರಿಸುತ್ತದೆ. ಬಿ.ಸಿ.547 ತಾಳುವುದು 45. ಆ ಡಯೋಡ್ ಇದ್ದರೆ ಏಟು ಅಲ್ಲೇ ಸುತ್ತಿ ಕರಗುತ್ತದೆ. 1ಎನ್4007 ಸಾಕು. ಗೆರೆ ಇರುವ ತುದಿ ಪ್ಲಸ್ ಕಡೆಗೆ.

ದೋಣಿಯ ಲೈಟ್ ಕಂಟ್ರೋಲರ್ ಪದೇ ಪದೇ ಹೋಗುತ್ತಿದೆ. ಬ್ಯಾಟರಿ 12 ವೋಲ್ಟೇ ಇದೆ.

ಕಾರವಾರ, ತದಡಿ ಕಡೆಯವರು ಕೇಳುವುದು ಇದು. ಮೊದಲು ಬ್ಯಾಟರಿಯ ಟರ್ಮಿನಲ್ ಅಲುಗಾಡಿಸಿ ನೋಡಿ. ಉಪ್ಪು ಗಾಳಿಗೆ ಅದು ತುಕ್ಕು ಹಿಡಿದು ಸಡಿಲಾಗಿರುತ್ತದೆ. ಎಂಜಿನ್ ಓಡುವಾಗ, ಆಲ್ಟರ್ನೇಟರ್ ಜೋರಾಗಿ ಚಾರ್ಜ್ ಮಾಡುವಾಗ ಬ್ಯಾಟರಿ ಒಂದು ಕ್ಷಣ ಕಳಚಿದರೆ ಆ ಕರೆಂಟಿಗೆ ಹೋಗಲು ಜಾಗ ಇಲ್ಲ. ವೋಲ್ಟೇಜ್ ಚಿಮ್ಮುತ್ತದೆ. ವಾಹನಗಳ ಪರೀಕ್ಷೆಗೆಂದು ಮಾಡಿದ ಅಂತರರಾಷ್ಟ್ರೀಯ ಮಾನದಂಡದಲ್ಲಿ 12 ವೋಲ್ಟ್ ಗಾಡಿಗೆ ಈ ಪೆಟ್ಟನ್ನು 79ರಿಂದ 101 ವೋಲ್ಟ್ ಎಂದು ಇಟ್ಟಿದ್ದಾರೆ, 24 ವೋಲ್ಟಿನದಕ್ಕೆ 151ರಿಂದ 202. ಕಂಟ್ರೋಲರಿನಲ್ಲಿ ಇರುವುದು 55 ವೋಲ್ಟಿನ ಮಾಸ್ಫೆಟ್. ಹೊಸದು ಹಾಕಿದರೂ ಹದಿನೈದು ದಿನಕ್ಕೆ ಮತ್ತೆ ಬರುತ್ತೀರಿ. ಟರ್ಮಿನಲ್ ಉಜ್ಜಿ ಬಿಗಿ ಮಾಡಿ ಗ್ರೀಸ್ ಹಚ್ಚಿ. ಬೋರ್ಡಿನ ಬಾಯಲ್ಲಿ ಫ್ಯೂಸ್, ಅದರ ಹಿಂದೆ ವೋಲ್ಟೇಜ್ ಪೆಟ್ಟು ಹೀರುವ ದೊಡ್ಡ ಟಿವಿಎಸ್ ಡಯೋಡ್ ಹಾಕಿಸಿ. ಬೋರ್ಡಿಗೆ ವಾರ್ನಿಷ್ ಬಳಿದರೆ ಇನ್ನೂ ಒಳ್ಳೆಯದು. ಉಪ್ಪಿನ ಪಸೆ ಹಿಡಿದ ಬೋರ್ಡಿನಲ್ಲಿ ಮಿತಿಯೊಳಗಿನ ವೋಲ್ಟೇಜೂ ಕಾಲಿನಿಂದ ಕಾಲಿಗೆ ಹರಿದಾಡುತ್ತದೆ.

ಹಾಗಿದ್ದರೆ ಎಲ್ಲ ಕಡೆ 500 ವೋಲ್ಟಿನ ಮಾಸ್ಫೆಟ್ಟೇ ಹಾಕಿಬಿಡಿ ಅಲ್ವಾ?

ಆಸೆ ಸರಿ, ಲೆಕ್ಕ ಕೂಡುವುದಿಲ್ಲ. ಜಾಸ್ತಿ ತಡೆಯಬೇಕಾದರೆ ಪದರ ದಪ್ಪ ಬೇಕು. ದಪ್ಪವಾದರೆ ಆನ್ ಆದಾಗಲೂ ಅಡ್ಡಿ ಜಾಸ್ತಿ. 55 ವೋಲ್ಟಿನ ಐಆರ್‌ಎಫ್‌ಝಡ್44ಎನ್‌ಗೆ ಆ ಅಡ್ಡಿ 0.0175 ಓಮ್. 500 ವೋಲ್ಟಿನ ಐಆರ್‌ಎಫ್840ಗೆ 0.85 ಓಮ್. 5 ಆಂಪ್ ಹರಿದರೆ ಮೊದಲನೆಯದು ಅರ್ಧ ವಾಟೂ ಬಿಸಿಯಾಗುವುದಿಲ್ಲ. ಎರಡನೆಯದು 21 ವಾಟ್, ಸೋಲ್ಡರಿಂಗ್ ಐರನ್ನಿನಷ್ಟು. 12 ವೋಲ್ಟ್ ಕೆಲಸಕ್ಕೆ 55 ಅಥವಾ 100ರದ್ದು ಹಾಕಿ, ಏಟು ತಡೆಯಲು ಬೇರೆ ಪಾರ್ಟು ಇಡುವುದೇ ಸರಿ.

ವೋಲ್ಟೇಜ್ ಕಡಿಮೆ ಆದರೆ ಸ್ವಿಚ್ಚಿಗೆ ತೊಂದರೆ ಇಲ್ಲ ತಾನೇ?

ಇದೆ. ತೋಟದ ಪಂಪಿನ ಸ್ಟಾರ್ಟರ್ ಸಂಜೆ ಹೊತ್ತು ಗರ್‌ರ್ ಅನ್ನುವುದು ಕೇಳಿದ್ದೀರಲ್ಲ? ಕಂಟ್ಯಾಕ್ಟರ್ ಗಟ್ಟಿಯಾಗಿ ಎಳೆದುಕೊಳ್ಳುವ ಖಾತ್ರಿ ಇರುವುದು ಕಾಯಿಲ್ ವೋಲ್ಟೇಜಿನ ಶೇಕಡಾ 85ರಿಂದ 110ರವರೆಗೆ. ಅದಕ್ಕಿಂತ ಕೆಳಗಿಳಿದರೆ ಹಿಡಿಯುವುದು ಬಿಡುವುದು ಶುರು. ಪ್ರತಿ ಸಲ ಕಿಡಿ. ಕಾಂಟ್ಯಾಕ್ಟ್ ಒಂದೇ ಸಂಜೆಗೆ ಕರಕಲಾಗುತ್ತದೆ.

ಮಾಸ್ಫೆಟ್‌ಗೂ ಅರೆಬರೆ ಗೇಟ್ ವೋಲ್ಟೇಜ್ ಕೊಡಬಾರದು. 3.3 ವೋಲ್ಟಿನ ವೈಫೈ ಬೋರ್ಡಿನಿಂದ ಐಆರ್‌ಎಫ್‌ಝಡ್44ಎನ್ ಪೂರ್ತಿ ತೆರೆಯುವುದಿಲ್ಲ. ಅದಕ್ಕೆ 10 ವೋಲ್ಟ್ ಬೇಕು. ಅರ್ಧ ತೆರೆದ ಬಾಗಿಲಲ್ಲಿ ಜನ ನುಗ್ಗಿದ ಹಾಗಾಗಿ ಸುಮ್ನೆ ಬಿಸಿಯಾಗಿ ಸಾಯುತ್ತದೆ. ಲಾಜಿಕ್ ಲೆವೆಲ್ ಮಾಸ್ಫೆಟ್ ಎಂದು ಕೇಳಿ ತಗೊಳ್ಳಿ.

ಮುಟ್ಟಿದರೇ ಮಾಸ್ಫೆಟ್ ಸಾಯುತ್ತದಂತೆ, ಹೌದಾ?

ಮೈಯಲ್ಲಿನ ಸ್ಥಾಯಿ ವಿದ್ಯುತ್ತಿನಿಂದ ಸಾಯಬಹುದು. ಬೆರಳಿಗೆ ಚುರುಕ್ ಎಂದು ಗೊತ್ತಾಗಬೇಕಾದರೆ ಸುಮಾರು 3000 ವೋಲ್ಟ್ ಬೇಕು, ಗೇಟಿಗೆ 20 ಮಿತಿ. ನಮ್ಮ ಮಳೆಗಾಲದ ತೇವದಲ್ಲಿ ಆ ಭಯ ಕಡಿಮೆ. ಜನವರಿಯ ಒಣಗಾಳಿಗೆ ಉಣ್ಣೆ ಸ್ವೆಟರ್ ಹಾಕಿಕೊಂಡು ಬೋರ್ಡ್ ಹಿಡಿಯಬೇಡಿ.

ಜಾತ್ರೆಯ ಲೈಟಿಂಗ್, ಆಟದ ರಂಗದ ಲೈಟು ಜನರೇಟರಿನಲ್ಲಿ ಹಾಕಿದಾಗ ಕಂಟ್ರೋಲರ್ ಹೋಗುವುದು ಯಾಕೆ?

ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಆಗ ಈ ಪ್ರಶ್ನೆಯೂ ಬರುತ್ತದೆ. ಯಕ್ಷಗಾನದವರು ಮಾತ್ರ ವರ್ಷಾ ಕೇಳುತ್ತಾರೆ. ದೊಡ್ಡ ಲೋಡ್ ಒಮ್ಮೆಲೇ ತೆಗೆದರೆ ಜನರೇಟರಿನ ವೋಲ್ಟೇಜ್ ಜಿಗಿಯುತ್ತದೆ. ಸಣ್ಣ, ಹಳೆಯ ಜನರೇಟರ್ ಆದರೆ ತಗ್ಗಲು ಹೊತ್ತು ಹಿಡಿಯುತ್ತದೆ. ಹ್ಯಾಲೋಜನ್ ಎಲ್ಲ ಒಟ್ಟಿಗೆ ಆರಿಸಬೇಡಿ, ಒಂದೊಂದಾಗಿ ಆರಿಸಿ. ಕಂಟ್ರೋಲರಿಗೆ 800 ವೋಲ್ಟಿನ ಟ್ರಯಾಕ್ ಹಾಕಿಸಿ.

ಮನೆಯಲ್ಲೇ ಚೆಕ್ ಮಾಡುವುದು ಹೇಗೆ?

ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿಯಾಗಲು ಸ್ವಲ್ಪ ಹೊತ್ತು ಬಿಡಿ. ಮಲ್ಟಿಮೀಟರನ್ನು ಬೀಪ್ ಮೋಡಿಗೆ ಇಟ್ಟು ಟ್ರಯಾಕಿನ ಎರಡು ಮುಖ್ಯ ಕಾಲು ಮುಟ್ಟಿಸಿ, ಮಾಸ್ಫೆಟ್ ಆದರೆ ಡ್ರೇನ್ ಮತ್ತು ಸೋರ್ಸ್. ಎರಡೂ ದಿಕ್ಕಿಗೆ ಬೀಪ್ ಬಂದರೆ ಶಾರ್ಟ್. ಗೇಟಿನಿಂದ ಸೋರ್ಸಿಗೆ ಬೀಪ್ ಬಂದರೂ ಅದು ಹೋದ ಹಾಗೆ. ಬೋರ್ಡಿನಲ್ಲೇ ಇದ್ದಾಗ ಬೇರೆ ಪಾರ್ಟು ಮೋಸ ಮಾಡಬಹುದು, ಬಿಚ್ಚಿ ನೋಡಿದರೆ ಖಾತ್ರಿ. ಇನ್ನೊಂದು ವಿಷಯ, ಮೀಟರು ಬರೀ ಕೆಲವು ವೋಲ್ಟಿನಲ್ಲಿ ಪರೀಕ್ಷೆ ಮಾಡುತ್ತದೆ. 300 ವೋಲ್ಟಿಗೆ ಸೋರುವ ಪಾರ್ಟು ಮೀಟರಿಗೆ ಸಾಧುವಾಗಿ ಕಾಣುತ್ತದೆ.

ರಿಪೇರಿಗೆ ತರುವಾಗ ಏನೇನು ತರಬೇಕು?

ಸುಟ್ಟ ಪಾರ್ಟು ಬಿಸಾಡಬೇಡಿ, ಮಸಿ ಉಜ್ಜಲೂ ಬೇಡಿ. ಉಜ್ಜಿದರೆ ನಂಬರ್ ಹೋಗುತ್ತದೆ. ಒಡೆದಿದ್ದರೆ ಚೂರುಗಳನ್ನು ಒಂದು ಚೀಟಿಯಲ್ಲಿ ಕಟ್ಟಿ ತನ್ನಿ. ಆ ದಿನ ಗುಡುಗಿತ್ತಾ, ಬಲ್ಬು ಜೋರಾಗಿ ಉರಿಯಿತಾ, ಪಕ್ಕದ ಮನೆಯದ್ದೂ ಹೋಯಿತಾ, ಇಷ್ಟು ನೆನಪಿಟ್ಟುಕೊಂಡು ಬಂದರೆ ಅರ್ಧ ಕೆಲಸ ಆದ ಹಾಗೆ. ಬುಧವಾರ ಮಧ್ಯಾಹ್ನದ ಮೇಲೆ ಅಂಗಡಿ ಇಲ್ಲ.